ವಿಳಾಸದ ಕಾಲಂ

ಸೂಜಿಯಕ್ಕನ ಬಲಗೈಯನ್ನು ಬೂಟುಗಾಲಲ್ಲಿ ತುಳಿದವನು ಅಂಗಡಿ ಸಂಘದ ಕಾವಲುಗಾರ. ಕಾಲು ಜಾರಿ ತುಳಿದದ್ದಲ್ಲ. ಬೆಳಿಗ್ಗೆ ಹತ್ತು ಗಂಟೆಗೆ, ಜನ ಓಡಾಡುವ ಹೊತ್ತಿನಲ್ಲಿ, ಮೊದಲು ಅವಳ ಬಟ್ಟೆಗಂಟು ಒದ್ದ. ಅದನ್ನು ಹಿಡಿಯಲು ಅವಳು ಚಾಚಿದ ಕೈಯನ್ನು ಆಮೇಲೆ ತುಳಿದ. "ನಾಳೆ ಇಲ್ಲೇ ಕಂಡ್ರೆ ಗಂಟಿನ ಜೊತೆ ನಿನ್ನೂ ಸುಟ್ಟಾಕ್ತೀನಿ" ಅಂದ. ಎರಡು ಬೆರಳು ಮುರಿದವು. ನೋಡಿದವರು ಬಾಯಿಗೆ ಬೀಗ ಹಾಕಿಕೊಂಡು ತಂತಮ್ಮ ಕೆಲಸಕ್ಕೆ ಹೋದರು.

ಸೂಜಿಯಕ್ಕನಿಗೆ ಮನೆಯಿಲ್ಲ. ಮುಚ್ಚಿಹೋದ ಬ್ಯಾಂಕಿನ ಜಗಲಿಯಲ್ಲಿ ಹನ್ನೊಂದು ವರ್ಷದಿಂದ ಕೂತು ಹರಿದ ಬಟ್ಟೆ ಹೊಲಿದುಕೊಡುತ್ತಾಳೆ, ಅಲ್ಲೇ ಮಲಗುತ್ತಾಳೆ. ಅವಳನ್ನು ಓಡಿಸಬೇಕೆಂದು ಸಭೆ ಕರೆದ ಸಂಘದ ಅಧ್ಯಕ್ಷರ ಕೋಟಿನ ಗುಂಡಿ ಕೂಡ ಅವಳು ಹಾಕಿದ್ದೇ. ಆ ಕೋಟು ಹಾಕಿಕೊಂಡೇ ಸಭೆಯಲ್ಲಿ ಕೂತಿದ್ದರಂತೆ. ನಾಚಿಕೆ ಎಂಬುದು ಕೆಲವರ ಹತ್ತಿರವೂ ಸುಳಿಯುವುದಿಲ್ಲ.

ನಾನು ಕೋರ್ಟಿನ ಗೇಟಿನ ಪಕ್ಕ ದೊಡ್ಡ ಛತ್ರಿಯ ಕೆಳಗೆ ಕೂತು ಇಪ್ಪತ್ತೆರಡು ವರ್ಷದಿಂದ ಅರ್ಜಿ ಟೈಪ್ ಮಾಡುತ್ತೇನೆ. ಎಲ್ಲರೂ ನನ್ನನ್ನು ಟೈಪಮ್ಮ ಅನ್ನುತ್ತಾರೆ. ಕೈಗೆ ಬಟ್ಟೆ ಸುತ್ತಿಕೊಂಡು ಸೂಜಿಯಕ್ಕ ನನ್ನ ಮುಂದೆ ಬಂದು ನಿಂತಾಗ ನನ್ನ ಮೈ ಉರಿದುಹೋಯಿತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ, ದೂರು ಟೈಪ್ ಮಾಡಿ, ಅವಳನ್ನು ಕರೆದುಕೊಂಡು ಠಾಣೆಗೆ ಹೋದೆ.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಕಾಗದವನ್ನು ಮೇಲಿಂದ ಕೆಳಗೆ ನೋಡಿ ವಾಪಸು ತಳ್ಳಿದ.

"ವಿಳಾಸದ ಕಾಲಮ್ಮಲ್ಲಿ 'ಅನ್ವಯಿಸುವುದಿಲ್ಲ' ಅಂತ ಹೊಡ್ದಿದ್ದೀರಲ್ಲ ಟೈಪಮ್ಮ. ವಿಳಾಸ ಅನ್ವಯಿಸದೇ ಇರೋಕೆ ಇವಳೇನು ಗಾಳೀನಾ?"

"ಬೀದಿಲಿರೋರು ಸಾರ್. ಬ್ಯಾಂಕಿನ ಜಗಲಿ."

"ಜಗಲಿಗೆ ಮನೆ ನಂಬರ್ ಇದ್ಯಾ? ಇಲ್ದೇ ಇದ್ರೆ ತಗೊಳ್ಳೋಕಾಗಲ್ಲ. ಸರಿಯಾಗಿ ಬರ್ಕೊಂಡು ಬನ್ನಿ."

ಪೆಟ್ಟು ತಿಂದವರು ಯಾರೇ ಆಗಿರಲಿ, ಎಲ್ಲೇ ಇರಲಿ, ದೂರು ಬರೆದುಕೊಳ್ಳಲೇಬೇಕು ಅಂತ ಕಾನೂನಿದೆ. ಅದನ್ನು ನಾನೇ ನೂರು ಅರ್ಜಿಯಲ್ಲಿ ಟೈಪ್ ಮಾಡಿದ್ದೇನೆ. ಅವತ್ತು ಅವನ ಮೇಜು ಗುದ್ದಿ ಜಗಳ ತೆಗೆಯಬೇಕಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ನನ್ನ ಬೆರಳಿಗೆ ಅಂಟಿರುವುದು ಜಗಳವಲ್ಲ, ಕಾಲಂ ತುಂಬುವುದು. ಖಾಲಿ ಜಾಗ ಕಂಡರೆ ಏನಾದರೂ ಹೊಡೆದುಬಿಡುವ ಚಾಳಿ. ಛತ್ರಿಯ ಕೆಳಗೆ ಬಂದು ಹೊಸ ಹಾಳೆ ಏರಿಸಿದೆ. ವಿಳಾಸದ ಜಾಗದಲ್ಲಿ ನನ್ನ ಮನೆಯ ನಂಬರು, ನನ್ನ ಬೀದಿಯ ಹೆಸರು ಹೊಡೆದೆ. ರೈಟರ್ ಮಾತಿಲ್ಲದೆ ಮುದ್ರೆ ಒತ್ತಿದ. ಕೆಲಸ ಆಯಿತಲ್ಲ ಅಂತ ನಾನು ಹಿಗ್ಗಿಬಿಟ್ಟೆ.

ಹದಿನೈದು ದಿನಕ್ಕೆ ಸಂಘದ ವಕೀಲನ ಗುಮಾಸ್ತ ನಮ್ಮ ಮನೆ ಬಾಗಿಲು ತಟ್ಟಿದ. ನಾನಿರಲಿಲ್ಲ. ನನ್ನ ಅತ್ತೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇರೋದು ಎರಡು ಕೋಣೆ. ನಾನು, ನನ್ನ ಮಗ, ಸೊಸೆ. ಇನ್ಯಾರೂ ಇಲ್ಲಪ್ಪ" ಅಂತ ಹೇಳಿ, ಅವನು ಬರೆದುಕೊಂಡದ್ದಕ್ಕೆ ಸಹಿಯನ್ನೂ ಹಾಕಿ ಕಳಿಸಿದ್ದರು.

ಸಂಜೆ ನಾನು ಕೂಗಾಡಿದೆ. "ಒಂದು ಮಾತು 'ಇದ್ದಾಳೆ' ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ?"

ಅತ್ತೆ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಡಲಿಲ್ಲ. "ಕಾಗದದಲ್ಲಿ ಅವಳಿಗೆ ಮನೆ ಕೊಟ್ಟೆ. ಮನೇಲಿ ಒಂದು ರಾತ್ರಿ ಹಾಸಿಗೆ ಕೊಟ್ಯಾ? ಕೊಟ್ಟಿದ್ರೆ ನಾನೂ 'ಇದ್ದಾಳೆ' ಅಂತಿದ್ದೆ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಕೈಮುರಿದವಳು ಅಷ್ಟೂ ದಿನ ಬಸ್ ನಿಲ್ದಾಣದ ಹಿಂದೆ ಹೆದರಿಕೊಂಡು ಮಲಗುತ್ತಿದ್ದಳು. ಮನೆಗೆ ಕರೆಯಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ರೈಟರ್ ಮೇಲಿದ್ದ ಸಿಟ್ಟಿನಷ್ಟೇ ಸಿಟ್ಟು ನನ್ನ ಮೇಲೂ ಬಂತು. ಅವತ್ತೇ ಹೋಗಿ ಕರೆತಂದೆ. ಅತ್ತೆ ತಮ್ಮ ಮಂಚದ ಪಕ್ಕ ಜಾಗ ಮಾಡಿದರು. ಕೈ ವಾಸಿಯಾಗುವವರೆಗೆ ಮಾತ್ರ, ಆಮೇಲೆ ನನ್ನ ಜಗಲಿಗೇ ಹೋಗ್ತೀನಿ ಅಂದಳು ಸೂಜಿಯಕ್ಕ.

ಆದರೆ ಅಷ್ಟು ಹೊತ್ತಿಗೆ ಬಡಿಗೆಯನ್ನು ನಾನೇ ಅವರ ಕೈಗೆ ಕೊಟ್ಟಾಗಿತ್ತು. ಕೋರ್ಟಿನಲ್ಲಿ ಸಂಘದ ವಕೀಲ ಅತ್ತೆಯ ಸಹಿಯಿದ್ದ ಕಾಗದ ಹಿಡಿದು ನಿಂತ. ಕಟಕಟೆಯಲ್ಲಿ ಕಾವಲುಗಾರ ಮೀಸೆಯಡಿಯಲ್ಲೇ ನಗುತ್ತಿದ್ದ.

"ದೂರಿನ ಮೊದಲನೇ ಸಾಲೇ ಸುಳ್ಳು ಮೇಡಂ. ಮೊದಲನೇ ಸಾಲು ಸುಳ್ಳಾದ್ರೆ ಕೊನೇ ಸಾಲು ನಿಜ ಆಗುತ್ತಾ? ಇಂಥವರು ಇವತ್ತು ಇಲ್ಲಿ, ನಾಳೆ ಎಲ್ಲೋ. ಇವರನ್ನ ನಂಬಿ ಒಬ್ಬ ದುಡಿಯೋ ಮನುಷ್ಯನನ್ನ ಕಟಕಟೇಲಿ ನಿಲ್ಲಿಸಬೇಕಾ? ದೂರನ್ನ ವಜಾ ಮಾಡಬೇಕು."

ವಜಾ ಆದರೆ, ಅವಳು ಜಗಲಿಗೆ ಮರಳಿದ ದಿನವೇ ಕಾವಲುಗಾರ ಅಲ್ಲಿಗೆ ಬರುತ್ತಾನೆ. ಈ ಸಲ ತುಳಿದು ಸುಮ್ಮನಾಗುವುದಿಲ್ಲ. ಅದು ನನಗೂ ಗೊತ್ತು, ಸೂಜಿಯಕ್ಕನಿಗೂ ಗೊತ್ತು.

ಮ್ಯಾಜಿಸ್ಟ್ರೇಟ್ ಮೇಡಂ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಆ ವಿಳಾಸ ಟೈಪ್ ಮಾಡಿದ್ದು ನಾನೇ, ಅಕ್ಕನಿಗೆ ಓದಲು ಬಾರದು, ತಪ್ಪು ನನ್ನದು ಅಂತ ಒಪ್ಪಿಕೊಂಡೆ. "ನಿಮ್ಮ ಕೈಚಪಲಕ್ಕೆ ಇವರ ಕೇಸು ಹಾಳಾಗ್ತಿದೆ, ಗೊತ್ತಾಗ್ತಿದ್ಯಾ?" ಅಂದರು. ಆಮೇಲೆ ಸೂಜಿಯಕ್ಕನ ಕಡೆ ತಿರುಗಿದರು.

"ನೋಡಿಮ್ಮ, ನಾಳೆ ಕೋರ್ಟಿಂದ ನಿಮಗೆ ಒಂದು ಕಾಗದ ಕಳಿಸ್ಬೇಕು ಅಂದ್ರೆ ಎಲ್ಲಿಗೆ ಕಳಿಸೋದು? ನಿಮ್ಮ ಕೈ ಸೇರುತ್ತಾ?"

"ಜಗಲಿಗೇ ಕಳಿಸಿ, ಸೇರುತ್ತೆ ತಾಯಿ. ಮುಂಚೆ ಒಂದು ಸಲ ಬಂದಿತ್ತು."

ಎಡಗೈಯಲ್ಲೇ ಗಂಟು ಬಿಚ್ಚಿ, ನೂಲುಂಡೆಗಳ ಅಡಿಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. "ಓಡಿಸೋ ಕಾಗದ ಇದು ಅಂತ ತಂದುಕೊಟ್ಟೋರು ಹೇಳಿದ್ರು. ಹೆದರಿ ಯಾರಿಗೂ ತೋರಿಸ್ಲಿಲ್ಲ. ಮುದ್ರೆ ಇದೆ ಅಂತ ಎಸೀಲೂ ಇಲ್ಲ."

ಅದು ಕಾವಲುಗಾರ ತುಳಿಯುವುದಕ್ಕೆ ಎರಡು ತಿಂಗಳ ಮುಂಚಿನ ನೋಟಿಸು. ಸಂಘದ ದೂರಿನ ಮೇಲೆ, ದಾರಿಗೆ ಅಡ್ಡ ಕೂತಿದ್ದಾಳೆ ಅಂತ ಅದೇ ಠಾಣೆ ಕೊಟ್ಟದ್ದು. ಮೇಡಂ ಗಟ್ಟಿಯಾಗಿ ಓದಿದರು: "ವಿಳಾಸ: ಮುಚ್ಚಿದ ಬ್ಯಾಂಕಿನ ಜಗಲಿ, ಬಾಗಿಲಿನಿಂದ ಮೂರನೇ ಕಂಬ, ಎಡಗಡೆ. ಖುದ್ದಾಗಿ ತಲುಪಿಸಲಾಗಿದೆ."

ಆಮೇಲೆ ಹಾಳೆಯನ್ನು, ಕೇಸಿನ ಕಡತ ಹಿಡಿದು ಗೋಡೆ ಪಕ್ಕ ನಿಂತಿದ್ದ ರೈಟರ್ ಕಡೆ ತಿರುಗಿಸಿದರು. "ಇದು ಯಾರ ಕೈಬರಹ ರೀ?"

ರೈಟರ್ ಬಗ್ಗಿ ನೋಡಿದ. "ನಂದೇ ಮೇಡಂ."

"ಅವತ್ತು ಕಂಬದ ಲೆಕ್ಕ ಸಮೇತ ಗೊತ್ತಿದ್ದ ವಿಳಾಸ, ಇವರು ಕೈಮುರಿಸ್ಕೊಂಡು ಬಂದ ದಿನ ಎಲ್ಲಿಗೆ ಹೋಯ್ತು?"

ವಕೀಲ ತನ್ನ ಕಾಗದಗಳನ್ನು ಜೋಡಿಸುವುದರಲ್ಲಿ ಮುಳುಗಿದ. ದೂರು ನಿಲ್ಲುತ್ತದೆ, ವಿಳಾಸ ತಿದ್ದಬೇಕು, ಕಾವಲುಗಾರ ಆ ಜಗಲಿಯ ನೂರಡಿ ಸುತ್ತ ಸುಳಿಯಕೂಡದು, ಪೊಲೀಸರು ದಿನಕ್ಕೆರಡು ಸಲ ಹೋಗಿ ನೋಡಿಕೊಂಡು ಬರಬೇಕು ಅಂತ ಮೇಡಂ ಆದೇಶ ಬರೆಸಿದರು. ಕಾವಲುಗಾರನ ನಗು ಇಳಿದಿತ್ತು. ನನಗೆ ಸಮಾಧಾನವಾಗುವ ಬದಲು, ಗೊತ್ತಿದ್ದೂ ದೂರು ವಾಪಸು ತಳ್ಳಿದ ರೈಟರ್ ಮೇಲೆ ಸಿಟ್ಟು ಇನ್ನಷ್ಟು ಏರಿತು.

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಕೂತು ರೈಟರ್ ದೂರಿನಲ್ಲಿ ವಿಳಾಸ ತಿದ್ದುತ್ತಿದ್ದ. ಸೂಜಿಯಕ್ಕ ಅವನೆದುರು ನಿಂತಳು. ಹನ್ನೊಂದು ವರ್ಷದಲ್ಲಿ ಅವಳು ದನಿಯೆತ್ತಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಮೊಗಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಓಡಿಸೋಕೆ ಬಂದಾಗ ನಿಮಗೆ ನಾನು ಸಿಕ್ಕಿದೆ. ತುಳಿಯೋಕೆ ಬಂದೋನಿಗೂ ಸಿಕ್ಕಿದೆ. ಕಾಯೋಕೆ ಅಂದಾಗ ಮಾತ್ರ ನಾನು ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ ಸ್ವಾಮಿ?"