ಇಬ್ಬರು ಆಪರೇಟರ್‌ಗಳು

ಮುರಳಿ ಸಾರ್ ಜೋಕು ಮುಗಿಸುವ ಮೊದಲೇ ನಾನು ನಗಲು ಶುರು ಮಾಡುತ್ತೇನೆ. ಪೀಣ್ಯದ ಕೆಮಿಕಲ್ ಕಾರ್ಖಾನೆಯ ಗೇಟಿನಲ್ಲಿ ಹೆಲ್ಮೆಟ್ ಹಾಕಿಕೊಳ್ಳುವಾಗ ಶ್ಯಾಮಲಾಗೆ ಇದು ಹೊಳೆದು ನಾಚಿಕೆಯಾಯಿತು. ಡೈರಿಯಲ್ಲಿ ಬರೆಯಬೇಕು ಅಂದುಕೊಂಡಳು. ಬರೆದರೂ ನಾಳೆ ಮತ್ತೆ ನಗುತ್ತಾಳೆ. ಕಾರ್ಖಾನೆಗಳ ಸುರಕ್ಷತೆ ಪರಿಶೀಲಿಸುವ ಕಂಪನಿಯಲ್ಲಿ ಮುರಳಿ ಅವಳ ಬಾಸ್.

ಇನ್ನೂ ಆಗದ ಅಪಘಾತಗಳ ಚಿತ್ರ ಬರೆಯುವುದು ಅವಳ ಕೆಲಸ. ತುದಿಯಲ್ಲಿ ಅನಾಹುತ: ಕ್ಲೋರಿನ್ ಸೋರಿಕೆ. ಅಲ್ಲಿಂದ ಕೆಳಕ್ಕೆ ಕವಲೊಡೆಯುವ ಕಾರಣಗಳು. ಫಾಲ್ಟ್ ಟ್ರೀ, ತಪ್ಪುಗಳ ಮರ, ಅನ್ನುತ್ತಾರೆ. ಈ ಮರದ ಬುಡದಲ್ಲಿ ಎರಡು ಚೌಕ. ಕಂಟ್ರೋಲ್ ಬೋರ್ಡಿನ ಮುಂದೆ ಕೂತವನು ಟ್ಯಾಂಕಿನ ಒತ್ತಡ ಏರಿದ್ದನ್ನು ನೋಡದಿರುವುದು ಒಂದು, ಟ್ಯಾಂಕಿನ ಬಳಿ ನಿಂತವನೂ ನೋಡದಿರುವುದು ಇನ್ನೊಂದು. ಇಬ್ಬರೂ ತಪ್ಪಿದರೆ ಮಾತ್ರ ಅನಾಹುತ. ಒಬ್ಬೊಬ್ಬರು ತಪ್ಪುವುದು ನೂರಕ್ಕೊಂದು ಸಲ; ನೂರಕ್ಕೊಂದನ್ನು ನೂರಕ್ಕೊಂದರಿಂದ ಗುಣಿಸಿದರೆ ಹತ್ತು ಸಾವಿರಕ್ಕೊಂದು.

ಬೋರ್ಡಿನ ಮುಂದೆ ಆಪರೇಟರ್ ರೇವಣಸಿದ್ದನಿದ್ದ. ಟ್ಯಾಂಕಿನ ಬಳಿ ಯಾರೂ ಇರಲಿಲ್ಲ.

"ಟ್ಯಾಂಕ್ ನೋಡೋ ಸೋಮಪ್ಪ ಎಲ್ಲಿ?"

"ಅವ ಊರಿಗೆ ಹೋಗಿ ಮೂರ್ ತಿಂಗಳಾತ್ರಿ ಮೇಡಂ. ಬ್ಯಾರೆ ಮಂದಿ ಕೊಟ್ಟಿಲ್ಲ."

ರಿಜಿಸ್ಟರಿನಲ್ಲಿ ಸೋಮಪ್ಪನ ಇವತ್ತಿನ ಸಹಿ ಇತ್ತು.

"ಅದನ್ನೂ ನಾನೇ ಹಾಕ್ತೀನ್ರಿ. ಹಾಕು ಅಂದಾರ. ಅವ ಇದ್ದಾಗಿಂತ ಈಗ ಅವನ ಹಾಜರಿ ಚಲೋ ಐತಿ."

"ನೀವು ಟ್ಯಾಂಕ್ ಹತ್ರ ಹೋದಾಗ ಬೋರ್ಡ್ ಯಾರು ನೋಡ್ತಾರೆ?"

"ಓಡಿ ಬರ್ತೀನಲ್ರಿ."

ಕಾಂಪೌಂಡಿನಾಚೆ ಬಾಡಿಗೆ ಕೋಣೆಗಳ ಸಾಲು. ಹಸಿರು ಬಾಗಿಲಿನದು ತನ್ನದು ಎಂದು ತೋರಿಸಿದ. ಹೆಂಡತಿ ಶೇಖವ್ವ ಹೊಸಿಲ ಮೇಲೆ ಕೂತು ಮಗುವಿಗೆ ಉಣ್ಣಿಸುತ್ತಿದ್ದಳು.

ಕ್ಯಾಂಟೀನಿನಲ್ಲಿ ಮುರಳಿ ಕಾಫಿ ಹೀರುತ್ತಿದ್ದರು.

"ಸಾರ್, ಆ ಎರಡನೇ ಆಪರೇಟರು..."

"ರಿಜಿಸ್ಟರ್‌ನಲ್ಲಿ ಎರಡು ಸಹಿ ಇತ್ತಾ?"

"ಇತ್ತು. ಆದ್ರೆ..."

"ಆದ್ರೆ ಅನ್ನೋದು ನಮ್ಮ ಕೆಲಸ ಅಲ್ಲ ಕಣ್ರೀ. ನಾವೇನ್ ಪೊಲೀಸ್ರಾ? ಇಬ್ರೂ ಒಂದೇ ಸಲ ನಿದ್ದೆ ಹೋಗೋಕೆ ಅವರೇನು ಗಂಡ ಹೆಂಡ್ತೀನಾ?"

ಅವಳು ಆಗಲೇ ನಕ್ಕಾಗಿತ್ತು. ಸಿಟ್ಟು ಮೊದಲು ತನ್ನ ಹಲ್ಲುಗಳ ಮೇಲೆ ಬಂತು. ಆಮೇಲೆ ಆ ಹತ್ತು ಸಾವಿರದ ಮೇಲೆ. ಅದನ್ನು ಗುಣಿಸಿದವಳು ಅವಳೇ.

ಮೂರು ಗಂಟೆಗೆ ಮೀಟಿಂಗು. ಕಿಟಕಿಗಳಿಗೆ ಪರದೆ ಎಳೆದಿದ್ದರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಮರ ಗೋಡೆ ತುಂಬ ಹರಡಿಕೊಂಡಿತ್ತು.

"ಸಕ್ಕತ್ತಾಗಿದೆ," ಎಂದ ಪ್ಲಾಂಟ್ ಮ್ಯಾನೇಜರ್ ಲೋಕೇಶ್. "ಹತ್ತು ಸಾವಿರಕ್ಕೆ ಒಂದು ಅಂದ್ರೆ ಆಗೋದೇ ಇಲ್ಲ ಅಂತಾನೇ ಅಲ್ವಾ?"

"ಹೆಚ್ಚು ಕಡಿಮೆ," ಎಂದರು ಮುರಳಿ. "ಶ್ಯಾಮಲಾ, ರಿಪೋರ್ಟಿಗೆ ಸಹಿ ಹಾಕ್ಬಿಡಿ."

ರಿಪೋರ್ಟು ಮೇಜಿನ ಆ ತುದಿಯಲ್ಲಿತ್ತು. ಅವಳು ಎದ್ದು ಹೊರಟವಳು ಬೆಳಕಿನ ನಡುವೆ ನಿಂತುಬಿಟ್ಟಳು. ಮರ ಅವಳ ಮೇಲೆ ಬಿತ್ತು. ಸೋರಿಕೆ ಹಣೆಗೆ ಅಂಟಿಕೊಂಡಿತು. ಗೆರೆಗಳು ಕತ್ತಿನಿಂದ ಹೊಟ್ಟೆಗಿಳಿದವು.

"ಸ್ವಲ್ಪ ಪಕ್ಕಕ್ಕೆ ಬನ್ನಿ ಮೇಡಂ, ಕಾಣ್ತಿಲ್ಲ," ಎಂದ ಲೋಕೇಶ್.

ಕಣ್ಣಿಗೆ ಬೆಳಕು ಹೊಡೆದು ಅವಳಿಗೂ ಯಾರ ಮುಖವೂ ಕಾಣಲಿಲ್ಲ. ಹಿಂದೆ ಗೋಡೆಯ ಮೇಲೆ, ಮರದ ನಟ್ಟನಡುವೆ, ಒಂದು ಹೆಣ್ಣಿನಷ್ಟು ಕತ್ತಲೆ.

"ಎರಡೂ ಚೌಕದಲ್ಲಿ ಇರೋದು ಒಬ್ಬನೇ ಸಾರ್," ಅಂದಳು. "ಈಗ್ಲೂ ಒಬ್ಬನೇ ಇದಾನೆ."