ಬೂದಿ ಮುಚ್ಚಿದ ಲ್ಯಾಪ್‌ಟಾಪ್

ಬೆಳಗ್ಗೆ ಐದೂವರೆಗೆ ಅಮ್ಮ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದಳೆಂದರೆ ಅದರ ಫ್ಯಾನು ಊಳಿಡಲು ಶುರು. ಅವಳ ಮೇಜಿಗೂ ನನ್ನ ಹಾಸಿಗೆಗೂ ನಡುವೆ ಇರುವುದು ತೆಳ್ಳನೆಯ ಒಂದು ಗೋಡೆ. ಆ ಸದ್ದಿಗೇ ನನಗೆ ಎಚ್ಚರಾಗುತ್ತಿತ್ತು. ಎಚ್ಚರಾದ ಕೂಡಲೇ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಎಬಿಂಗನ್ ಎಂಬ ನಮ್ಮ ಜರ್ಮನ್ ಊರಿನಲ್ಲಿ ಚಳಿಗಾಲದ ಆ ಹೊತ್ತಿಗೆ ಇನ್ನೂ ಕತ್ತಲೆ. ಡಯಾಲಿಸಿಸ್‌ಗೆ ಹೋಗಬೇಕಾದ ಮುದುಕರು ಮುದುಕಿಯರು ಕೋಟು ಹಾಕಿಕೊಂಡು, ಮೆಟ್ಟಿಲ ಬಳಿ ಕಾರಿಗಾಗಿ ಕಾಯುತ್ತಿರುತ್ತಾರೆ. ಅವರನ್ನು ಆಸ್ಪತ್ರೆಗೆ ಒಯ್ಯುವ ಒಂದು ಸಣ್ಣ ಕಂಪನಿಗೆ ಅಮ್ಮ ಮನೆಯಿಂದಲೇ ಕೆಲಸ ಮಾಡುತ್ತಾಳೆ. ರೋಗಿ ಫೋನು ಮಾಡಿದರೆ, ತೆರೆಯ ಮೇಲಿನ ನಕ್ಷೆಯಲ್ಲಿ ಹತ್ತಿರದ ಕಾರು ಯಾವುದೆಂದು ನೋಡಿ ಡ್ರೈವರನಿಗೆ ವಿಳಾಸ ಕಳಿಸಬೇಕು. ಅಷ್ಟೇ ಕೆಲಸ. ಆದರೆ ಲ್ಯಾಪ್‌ಟಾಪು ನಿದ್ದೆಯಿಂದೆದ್ದ ಮೊದಲ ಅರ್ಧ ಗಂಟೆ ಆ ನಕ್ಷೆ ಮಿಸುಕುತ್ತಿರಲಿಲ್ಲ. ಹೆಸರಿನ ಒಂದಕ್ಷರ ಒತ್ತಿದರೆ ಅದು ತೆರೆಯ ಮೇಲೆ ಮೂಡುವಷ್ಟರಲ್ಲಿ ಇನ್ನೊಬ್ಬರ ಫೋನು ಬಂದಿರುತ್ತಿತ್ತು. ಒಂದು ದಿನ ಫ್ರೌ ಶೆರ್ಲೆ ಎಂಬ ಮುದುಕಿ ಹಿಮದಲ್ಲಿ ನಿಂತೂ ನಿಂತೂ ಸಾಕಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ಅವಳ ಡಯಾಲಿಸಿಸ್ ತಪ್ಪಿತು. ಕಂಪನಿಯ ಯಜಮಾನ ಹೆರ್ ಶ್ಟೋಟ್ಸ್ ಅಮ್ಮನಿಗೆ ಫೋನು ಮಾಡಿ, ಮುಂದಿನ ಬುಧವಾರ ತಾನೇ ಲೈನಿನಲ್ಲಿದ್ದು ಕೇಳಿಸಿಕೊಳ್ಳುವುದಾಗಿಯೂ, ಆಗಲೂ ಹೀಗೇ ಆದರೆ ಬೆಳಗಿನ ಪಾಳಿಯನ್ನು ಆಫೀಸಿನವರಿಗೆ ಕೊಡುವುದಾಗಿಯೂ ಹೇಳಿದ. ಬಹಳ ಮರ್ಯಾದೆಯಿಂದ ಹೇಳಿದ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಆ ಪಾಳಿ ಹೋದರೆ ಅಮ್ಮ ಮತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆಗೆ ಹೋಗಬೇಕು. ಅದೂ ಬೆಳಗಿನ ಪಾಳಿಯೇ, ಆದರೆ ಮನೆಯಿಂದ ಹೊರಗೆ. ಆಗ ಓಪಾನನ್ನು ನೋಡಿಕೊಳ್ಳುವವರಿಲ್ಲ. ಓಪಾ ಅಮ್ಮನ ಅಪ್ಪ. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗಿನಿಂದ ಅವನನ್ನು ಒಬ್ಬನೇ ಬಿಡುವಂತಿಲ್ಲ. ನಾನು ಟೈರ್ ಅಂಗಡಿಗೆ ಹೊರಟುಬಿಡುತ್ತೇನೆ. ಉಳಿದ ದಾರಿ ವೃದ್ಧಾಶ್ರಮ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ, ಆದರೆ ಅದರ ಬಣ್ಣದ ಚಿತ್ರಗಳ ಪುಸ್ತಿಕೆಯನ್ನು ಅಮ್ಮ ಬಟ್ಟೆಯ ಕೆಳಗೆ ಇಟ್ಟಿದ್ದಳು.

ಹಾಗಾಗಿ ಆ ಲ್ಯಾಪ್‌ಟಾಪನ್ನು ನಾನು ಹಿಡಿದುಕೊಂಡೆ.

ಮೊದಲ ಬೆಳಗ್ಗೆ ಅಮ್ಮನ ಪಕ್ಕ ಕೂತು, ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಎಂದು ತೋರಿಸುವ ಕಿಟಕಿ ತೆರೆದೆ. ಪ್ರೊಸೆಸರ್ ನೂರಕ್ಕೆ ನೂರು ಓಡುತ್ತಿತ್ತು. ಎಲ್ಲಕ್ಕಿಂತ ಮೇಲೆ ಕೂತಿದ್ದದ್ದು ಬ್ಯಾಕಪ್ ಪ್ರೋಗ್ರಾಂ. ಅಮ್ಮನ ಕೆಲಸದ್ದೆಲ್ಲವನ್ನೂ ಪಕ್ಕದ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಡಲು ಕಂಪನಿಯವರು ಹಾಕಿಸಿದ್ದದ್ದು. ಅದನ್ನು ನಿಲ್ಲಿಸಿದೆ. ಫ್ಯಾನು ಒಮ್ಮೆ ಉಸಿರು ಬಿಟ್ಟು ಸುಮ್ಮನಾಯಿತು. ಅಮ್ಮ ಒಂದು ವಿಳಾಸ ಬರೆಯುವಷ್ಟರಲ್ಲಿ ಪ್ರೋಗ್ರಾಂ ತಾನಾಗಿಯೇ ಎದ್ದು ಮತ್ತೆ ಮೇಲೆ ಬಂದು ಕೂತಿತು. ತೆಗೆದುಹಾಕೋಣವೆಂದರೆ ಕಂಪನಿಯ ಪಾಸ್‌ವರ್ಡ್ ಬೇಕು.

ಪಾಸ್‌ವರ್ಡ್ ಇದ್ದದ್ದು ಫೆನ್ಸ್ಕೆ ಎಂಬವನ ಬಳಿ. ಕಂಪ್ಯೂಟರ್ ಕೆಟ್ಟರೆ ಫೋನಿನಲ್ಲಿ ಉತ್ತರ ಕೊಡುವವನು, ದೇಶದ ಉತ್ತರ ಭಾಗದವನು, ಗಂಜಿ ಹಾಕಿದ ಅಂಗಿಯಂಥ ಮಾತು. ಆ ಪ್ರೋಗ್ರಾಂ ತೆಗೆಯುವಂತಿಲ್ಲ, ಅದು ನಿಯಮ ಎಂದ. ಲ್ಯಾಪ್‌ಟಾಪನ್ನು ಮಲಗಿಸಬೇಡಿ, ಪೂರ್ತಿ ಆಫ್ ಮಾಡಿ ಎಂದ. ಹಾಗೂ ಮಾಡಿದೆವು. ಬೆಳಗ್ಗೆ ಎಲ್ಲ ಪ್ರೋಗ್ರಾಂಗಳೂ ಒಟ್ಟಿಗೆ ಬಾಗಿಲಿಗೆ ನುಗ್ಗಿ, ಇನ್ನೂ ತಡವಾಯಿತು. ಮತ್ತೆ ಫೋನು ಮಾಡಿದಾಗ, ಇದರಲ್ಲಿ ಏನೋ ಬೇರೆಯದೇ ಇದೆ, ದಿನದ ಮಿಕ್ಕ ಹೊತ್ತೆಲ್ಲ ಇದು ಸರಿಯಾಗಿಯೇ ಇರುತ್ತದೆ ಎಂದೆ.

"ಕ್ಷಮಿಸಿ, ತಮಗೆ ಈ ವಿಷಯದಲ್ಲಿ ತರಬೇತಿ ಏನಾದರೂ ಆಗಿದೆಯೇ?" ಎಂದು ಕೇಳಿದ.

"ಟೈರಲ್ಲಿ ಆಗಿದೆ," ಎಂದೆ.

ಅವನು ದೂರದಿಂದಲೇ ಲ್ಯಾಪ್‌ಟಾಪಿನೊಳಗೆ ಇಣುಕಿದ. ಆಗ ಗಂಟೆ ಹತ್ತಾಗಿತ್ತು. ಎಲ್ಲ ಹಸಿರು. ನಮ್ಮ ಕಡೆಯಿಂದ ಯಾವ ದೋಷವೂ ಕಾಣಿಸುತ್ತಿಲ್ಲ ಎಂದ. ನಾನು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು ಅವನ ಕ್ಷಮೆ ಕೇಳಿದಳು. ತಪ್ಪು ಅವರದ್ದು, ಕ್ಷಮೆ ನಮ್ಮದು, ಎಂದು ಆಗ ಖಂಡಿತವಾಗಿ ನಂಬಿದ್ದೆ.

ಅಂಗಡಿಗೆ ಒಯ್ದು, ಟೈರಿಗೆ ಗಾಳಿ ತುಂಬುವ ಪೈಪಿನಲ್ಲೇ ಫ್ಯಾನಿನ ಧೂಳು ಹಾರಿಸಿದೆ. ಹೊಸ ಅಪ್‌ಡೇಟುಗಳನ್ನೆಲ್ಲ ಹಾಕಿದೆ. ಮಧ್ಯಾಹ್ನ ಮುಚ್ಚಳ ಹಾಕಿ ಮಲಗಿಸಿದೆ, ಎಬ್ಬಿಸಿದೆ, ಮತ್ತೆ ಮಲಗಿಸಿದೆ, ಎಬ್ಬಿಸಿದೆ. ಬೆಕ್ಕಿನ ಮರಿಯ ಹಾಗೆ ಸದ್ದಿಲ್ಲದೆ ಎದ್ದಿತು. ಮಾರನೆಯ ಬೆಳಗ್ಗೆ ಮತ್ತೆ ಊಳು. ಆಮೇಲೆ ಶುಕ್ರವಾರ ಬಂತು, ಅವತ್ತು ಫ್ಯಾನು ತಿರುಗಲೇ ಇಲ್ಲ. ನಾನು ಏಳದೆ ಅಂಗಡಿಗೂ ತಡವಾಗಿ ಹೋದೆ. ಅಮ್ಮ ಸರಿಹೋಯಿತೆಂದುಕೊಂಡು ಬೆಣ್ಣೆ ಸವರಿದ ಬ್ರೆಟ್ಸೆಲ್ ಬ್ರೆಡ್ಡು ತಂದಿಟ್ಟಿದ್ದಳು. ಶನಿವಾರ ಮತ್ತೆ ಅದೇ ಗತಿ.

ಶುಕ್ರವಾರಕ್ಕೆ ಮಾತ್ರ ಏನು ವಿಶೇಷ ಎಂದು ಅಂಗಡಿಯಲ್ಲಿ ಇಡೀ ದಿನ ತಲೆ ಕೆಡಿಸಿಕೊಂಡೆ. ಸಂಜೆ ಊಟ ಮುಗಿದಿತ್ತು. ನಾನು ಒಳಗೆ ಬಾಗಿಲ ಬಳಿ ಬೂಟಿನ ಬೆಂಚಿನ ಮೇಲೆ ಕೂತು ಲೇಸು ಬಿಚ್ಚುತ್ತಿದ್ದೆ. ಓಪಾ ತನ್ನ ಗಸ್ತಿಗೆ ಹೊರಟ. ಅದು ಅವನ ದಿನದ ಕೊನೆಯ ಕೆಲಸ. ಒಲೆಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾನೆ. ಅಡುಗೆಮನೆಯ ಕಿಟಕಿ ಒತ್ತಿ ಮುಚ್ಚುತ್ತಾನೆ. ಬಚ್ಚಲಿನ ದೀಪ. ನಾನು ಹುಟ್ಟಿದಾಗಿನಿಂದ ಇರುವ ಗಸ್ತು, ಈಗ ಕೋಲಿನ ಸದ್ದೂ ಸೇರಿದೆ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಮೇಲೆ ಅಮ್ಮನ ಮೇಜಿನ ಮೂಲೆಗೆ ಹೋಗಿ ಕೋಲಿನ ತುದಿಯಿಂದ ಕೆಳಗೆ ಒತ್ತಿದ. ಟಕ್. ಎಲ್ಲ ಪ್ಲಗ್ಗುಗಳೂ ಸಿಕ್ಕಿಸಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಕೆಂಪು ದೀಪ ಆರಿತು. ಅದರ ಜೊತೆಗೆ ಹಾರ್ಡ್ ಡಿಸ್ಕಿನದ್ದೂ.

ಗುರುವಾರ ಓಪಾ ತನ್ನ ಹಳೆಯ ಗಿರಣಿಯ ಗೆಳೆಯರ ಜೊತೆ ಕೇಗಲ್ ಚೆಂಡಾಟಕ್ಕೆ ಹೋಗುತ್ತಾನೆ. ಈಗ ಆಡುವುದಿಲ್ಲ, ಅಂಕ ಬರೆಯುತ್ತಾನೆ, ಬಿಯರ್ ಕುಡಿಯುತ್ತಾನೆ. ಯಾರೋ ಕಾರಿನಲ್ಲಿ ತಂದುಬಿಟ್ಟರೆ ನೇರ ಹಾಸಿಗೆಗೆ. ಅವತ್ತು ಗಸ್ತು ಇಲ್ಲ. ಮಿಕ್ಕ ದಿನಗಳಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಕಾಫಿ ಇಟ್ಟು, ಮಗಳಿಗೆ ತೊಂದರೆಯಾಗಬಾರದೆಂದು ಬೋರ್ಡನ್ನು ಮತ್ತೆ ಒತ್ತಿರುತ್ತಾನೆ. ಅಮ್ಮ ಬಂದು ಕೂರುವಾಗ ಎಲ್ಲ ದೀಪಗಳೂ ಉರಿಯುತ್ತಿರುತ್ತವೆ. ಯಾರಿಗೆ ತಾನೇ ತಿಳಿಯಬೇಕು?

"ಓಪಾ, ಈಗ ಏನ್ ಮಾಡ್ದೆ?"

"ಆರಿಸ್ದೆ."

"ಯಾಕೆ?"

"ಯಾಕಂದ್ರೆ ಏನ್ಲಾ? ಅಲ್ಲಿ ಯಾರೂ ಇಲ್ಲ, ಸುಮ್ನೆ ಉರೀತಾ ಐತೆ."

"ಅದನ್ನ ಆರಿಸ್ಬಾರ್ದು. ಅಮ್ಮ ಲ್ಯಾಪ್‌ಟಾಪ್ ಮಲಗ್ಸಿರ್ತಾಳೆ, ಅಷ್ಟೇ."

"ಅದೇ ನಾನೂ ಹೇಳೋದು. ದಿನಾ ಮುಚ್ಚಳ ಹಾಕ್ತಾ 'ಮಲಗಿಸ್ದೆ' ಅಂತಾಳೆ. ಮಲಗಿದ್ಮೇಲೆ ದೀಪ ಯಾಕ್ಲಾ? ನೀನ್ ಸಣ್ಣೋನಿದ್ದಾಗ ನಿನ್ ದೀಪಾನೂ ನಾನೇ ಆರಿಸ್ತಿದ್ದೆ."

ಅಷ್ಟು ದಿನ ಫೆನ್ಸ್ಕೆಗೆ, ಶ್ಟೋಟ್ಸ್‌ಗೆ, ಲ್ಯಾಪ್‌ಟಾಪ್ ಮಾಡಿದವನಿಗೆ ಎಂದು ಕೂಡಿಸಿಟ್ಟಿದ್ದ ಸಿಟ್ಟೆಲ್ಲ ಒಟ್ಟಿಗೆ ಹೊರಗೆ ಬಂತು. ನಿನ್ನಿಂದಲೇ ಅಮ್ಮನ ಕೆಲಸ ಹೋಗುತ್ತಿದೆ ಎಂದೆ. ಕೈ ಸುಮ್ಮನಿಟ್ಟುಕೊಳ್ಳಲು ಬರುವುದಿಲ್ಲವೇ ಎಂದೆ. ಕೆಲಸ ಹೋದರೆ ನಿನ್ನನ್ನು ಎಲ್ಲಿ ಹಾಕಬೇಕಾಗುತ್ತದೆ ಗೊತ್ತೇ, ಎಂದೂ ಅಂದುಬಿಟ್ಟೆ. ಅಮ್ಮ ಪಾತ್ರೆ ಒರೆಸುವ ಬಟ್ಟೆ ಹಿಡಿದೇ ಓಡಿಬಂದಳು.

ಓಪಾ ನನ್ನನ್ನು ನೋಡಲಿಲ್ಲ. ಅಮ್ಮನನ್ನು ಕೇಳಿದ. "ಇವನು ಅಂತಿರೋದು ನಿಜವೇನವ್ವಾ?"

ಅಮ್ಮ ತಕ್ಷಣ ಇಲ್ಲ ಎನ್ನಲಿಲ್ಲ. ಅವನಿಗೆ ಅಷ್ಟು ಸಾಕಾಯಿತು. ಕೋಲಿನಿಂದ ಬೋರ್ಡನ್ನು ಮತ್ತೆ ಹತ್ತಿಸಿ, ಇನ್ನು ಮೇಲೆ ಈ ಮನೆಯಲ್ಲಿ ಏನನ್ನೂ ಮುಟ್ಟುವುದಿಲ್ಲ ಎಂದು ಹೇಳಿ ಕೋಣೆಗೆ ಹೋದ.

ಹೇಳಿದ ಹಾಗೇ ನಡೆದುಕೊಂಡ. ಭಾನುವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಸ್ಪೆಟ್ಸ್ಲೆ ಶಾವಿಗೆಯ ತಟ್ಟೆ ಇಟ್ಟ ಹಾಗೇ ವಾಪಸ್ಸು ಬಂತು. ರಾತ್ರಿ ಗಸ್ತು ಇಲ್ಲ. ಸೋಮವಾರ ಬೆಳಗ್ಗೆ ಅಡುಗೆಮನೆಯ ಕಿಟಕಿ ತೆರೆದೇ ಇತ್ತು, ಕಟ್ಟೆಯ ಮೇಲಿಟ್ಟಿದ್ದ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಕಾಫಿ ಇರಲಿಲ್ಲ. ಲ್ಯಾಪ್‌ಟಾಪು ಮಾತ್ರ ಸದ್ದಿಲ್ಲದೆ ಎದ್ದಿತ್ತು. ಆದರೆ ಅಮ್ಮ ಒಂದು ಕರೆ ಮುಗಿಸಿ ಇನ್ನೊಂದು ಎತ್ತುವುದರೊಳಗೆ ಹೆಡ್‌ಫೋನು ಕಿತ್ತಿಟ್ಟು ಓಪಾನ ಬಾಗಿಲಿಗೆ ಓಡುತ್ತಿದ್ದಳು, ಉಸಿರಾಡುತ್ತಿದ್ದಾನೋ ಇಲ್ಲವೋ ನೋಡಲು. ಫೋನು ಮೇಜಿನ ಮೇಲೆ ಹೊಡೆದುಕೊಳ್ಳುತ್ತಿತ್ತು.

"ಅದನ್ನೇನೋ ಸರಿಮಾಡ್ದೆ. ಈಗ ಓಪಾನ್ನ ಕೆಡಿಸಿಟ್ಟಿದೀಯ. ಬುಧವಾರ ನಾನು ಹೀಗೆ ಓಡ್ತಾ ಕೂತ್ರೆ ಶ್ಟೋಟ್ಸ್ ಕೇಳಿಸ್ಕೊಳೋದು ಏನನ್ನ?" ಎಂದಳು ಅಮ್ಮ.

ಡಿಸ್ಕಿನ ಪ್ಲಗ್ಗನ್ನು ಬೀರುವಿನ ಹಿಂದಿನ ಗೋಡೆಗೆ ಸಿಕ್ಕಿಸಿಬಿಡುತ್ತೇನೆ, ಓಪಾ ಬೋರ್ಡನ್ನು ಆರಿಸಿಕೊಳ್ಳಲಿ, ಅವನಿಗೆ ಗೊತ್ತೇ ಆಗುವುದಿಲ್ಲ ಎಂದೆ. ಅಮ್ಮ ಬೇಡವೆಂದಳು. ಕತ್ತಲಲ್ಲಿ ಒಂದು ಸಾಸಿವೆಕಾಳಿನಷ್ಟು ಬೆಳಕಿದ್ದರೂ ಅವನ ಕಣ್ಣಿಗೆ ಬೀಳುತ್ತದೆ, ಆಮೇಲೆ ಮಗಳೂ ತನಗೆ ಗೊತ್ತಾಗದ ಹಾಗೆ ಮಾಡಿದಳು ಎಂದಾಗುತ್ತದೆ. "ಕೂಗಾಡಿದ್ದು ನೀನು. ಹೋಗಿ ಮಾತಾಡೋನೂ ನೀನೇ."

ಮಂಗಳವಾರ ಅಂಗಡಿಯಿಂದ ಬಂದವನು ಕೈಯನ್ನೂ ತೊಳೆಯದೆ ಅವನ ಹಾಸಿಗೆಯ ಪಕ್ಕ ಕೂತೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಆ ಡಿಸ್ಕಿನ ವಿಷಯವನ್ನೇ ಹೇಳಿದೆ. ರಾತ್ರಿ ಕರೆಂಟು ಹೋದರೆ ಡಿಸ್ಕು ಪೂರ್ತಿ ಸತ್ತ ಹಾಗಾಗುತ್ತದೆ. ಬೆಳಗ್ಗೆ ಲ್ಯಾಪ್‌ಟಾಪು ಎದ್ದು ನೋಡಿದರೆ ಇದು ನಿನ್ನೆಯದೇ ಹೌದೋ ಅಲ್ಲವೋ ಎಂದು ಅದಕ್ಕೆ ಅನುಮಾನ. ಹಾಗಾಗಿ ಒಳಗಿರುವ ಒಂದೊಂದನ್ನೂ ಮೊದಲಿನಿಂದ ತಾಳೆ ನೋಡುತ್ತಾ ಬರುತ್ತದೆ. ಅದು ಮುಗಿಯುವ ತನಕ ಬೇರೆ ಯಾವ ಕೆಲಸಕ್ಕೂ ಅದಕ್ಕೆ ತ್ರಾಣ ಇರುವುದಿಲ್ಲ.

ಓಪಾ ಗೋಡೆಯ ಕಡೆಗೇ ಮುಖ ಮಾಡಿದ್ದ. ಆ ಕಡೆ ತಿರುಗಿಯೇ ಕೇಳಿದ. "ತಣ್ಣಗಾದದ್ದನ್ನ ಮತ್ತೆ ಕಾಯಿಸ್ಬೇಕು, ಅಂತೀಯ."

"ಹೂಂ. ಹಾಗೇ ಅನ್ಕೋ."

ಅವನು ಮೊಣಕೈ ಊರಿ ಎದ್ದು ಕೂತ. ಓಪಾ ಊರಿನ ಬಟ್ಟೆ ಗಿರಣಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು, ಕಲ್ಲಿದ್ದಲಿನ ಕಾಲದಿಂದ. ಸಂಜೆ ಮಗ್ಗಗಳು ನಿಂತ ಮೇಲೆ ಒಲೆಯನ್ನು ಆರಿಸುತ್ತಿರಲಿಲ್ಲವಂತೆ. ಕೆಂಡವನ್ನು ಹಿಂದಕ್ಕೆ ಎಳೆದು, ಮೇಲೆ ಬೂದಿ ಮುಚ್ಚಿ, ಗಾಳಿಯ ಬಾಗಿಲನ್ನು ಒಂದು ಬೆರಳಿನಷ್ಟು ಬಿಡುತ್ತಿದ್ದರಂತೆ. ಬೆಳಗ್ಗೆ ಕೆದಕಿದರೆ ಸಾಕು, ಮೊದಲ ಪಾಳಿಯವರು ಕೋಟು ಬಿಚ್ಚುವಷ್ಟರಲ್ಲಿ ಉಗಿ ತಯಾರು. ಒಮ್ಮೆ ಹೊಸದಾಗಿ ಬಂದ ಮೇಸ್ತ್ರಿಯೊಬ್ಬ ಇದ್ದಲು ಉಳಿಸಲು ಪೂರ್ತಿ ಆರಿಸಿಹೋದ. ಮಾರನೆಯ ದಿನ ಮಧ್ಯಾಹ್ನದವರೆಗೂ ಒಂದು ಮಗ್ಗವೂ ತಿರುಗಲಿಲ್ಲ. ಆ ಮೇಸ್ತ್ರಿಗೆ ಅಂದಿದ್ದ ಬೈಗುಳವನ್ನೂ ಓಪಾ ನನಗೆ ಹೇಳಿದ. ನಾನು ಫೆನ್ಸ್ಕೆಗೆ ಅಂದದ್ದು ಅದರ ಮುಂದೆ ಏನೂ ಅಲ್ಲ.

ಹೇಳಿ ಮುಗಿಸಿ ತನ್ನ ಕೈಗಳನ್ನೇ ನೋಡಿಕೊಂಡ. "ಈಗ ಆ ಮೇಸ್ತ್ರಿ ನಾನೇ ಆದೆ, ಅಲ್ಲೇನ್ಲಾ?"

ನಾನು ಅವನ ಕೋಲನ್ನು ಹಾಸಿಗೆಯ ಹತ್ತಿರಕ್ಕೆ ಸರಿಸಿಟ್ಟೆ.

"ನೀವೂ ಸರಿಯಾಗಿ ಹೇಳ್ಬೇಕು. ಮಲಗಿಸ್ದೆ ಮಲಗಿಸ್ದೆ ಅಂತೀರಿ. ಮಲಗೋದು ಬ್ಯಾರೆ, ಬೂದಿ ಮುಚ್ಚೋದು ಬ್ಯಾರೆ. ಬೂದಿ ಮುಚ್ಚಿದೀನಿ ಅಂದಿದ್ರೆ ನಾನ್ಯಾಕೆ ಮುಟ್ತಿದ್ದೆ?"

ಸಂಜೆ ತಟ್ಟೆ ಖಾಲಿ ಮಾಡಿದ. ಆಮೇಲೆ ಕೋಲು ಎತ್ತಿಕೊಂಡ. ನಾನೂ ಅಮ್ಮನೂ ಅಡುಗೆಮನೆಯ ಮೇಜಿನಲ್ಲೇ ಕೂತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ. ಒಲೆಯ ಗುಂಡಿಗಳಾದವು. ಕಿಟಕಿಯಾಯಿತು. ಬಚ್ಚಲು. ಕೋಲಿನ ಸದ್ದು ಅಮ್ಮನ ಮೇಜಿನ ಬಳಿ ಹೋಗಿ ನಿಂತಿತು. ಇಷ್ಟು ವರ್ಷದ ಅಭ್ಯಾಸ, ಅದು ಮಾತು ಕೇಳುತ್ತದೆಯೇ? ಅಮ್ಮ ಚಮಚೆಯನ್ನು ಹಿಡಿದ ಹಾಗೇ ಹಿಡಿದಿದ್ದಳು. ಟಕ್ ಎನ್ನುವುದಕ್ಕಾಗಿ ಕಾದೆ. ಬರಲಿಲ್ಲ. ಬಗ್ಗಿ ನೋಡಿದರೆ, ಓಪಾ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ. ಬೆಚ್ಚಗಿದೆಯೋ ಎಂದು ನೋಡುತ್ತಿದ್ದನೇನೋ. ಆಮೇಲೆ ಮೇಜಿನ ದೀಪದ ಪ್ಲಗ್ಗೊಂದನ್ನೇ ಬೋರ್ಡಿನಿಂದ ಕಿತ್ತು ಪಕ್ಕಕ್ಕಿಟ್ಟು ಮಲಗಲು ಹೋದ. ಅಷ್ಟಾದರೂ ಆರಿಸದಿದ್ದರೆ ಅವನಿಗೆ ನಿದ್ದೆ ಹೇಗೆ ಬಂದೀತು.

ಬುಧವಾರ ನಾನು ಅಂಗಡಿಗೆ ತಡವಾದರೂ ಸರಿ ಎಂದು ಗೋಡೆಗೆ ಕಿವಿಯಿಟ್ಟು ಕೂತಿದ್ದೆ. ಕಾಫಿಯ ವಾಸನೆ ಬಂತು. ಮುಚ್ಚಳ ತೆರೆದ ಸದ್ದು, ಆಮೇಲೆ ಅಮ್ಮನ ದನಿ ಮಾತ್ರ. ಫ್ರೌ ಶೆರ್ಲೆಗೆ, ಕಾರು ನಿಮ್ಮ ಬೀದಿಯ ತಿರುವಿನಲ್ಲೇ ಇದೆ, ಈಗ ಹೊರಗೆ ಬನ್ನಿ ಎಂದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಕೊನೆಗೆ ಹೆರ್ ಶ್ಟೋಟ್ಸ್ ಲೈನಿಗೆ ಬಂದ; ಅವನು ಅಂದದ್ದನ್ನೆಲ್ಲ ಅಮ್ಮ ನಮಗೆ ಕೇಳಲೆಂದು ತಿರುಗಿ ಹೇಳುತ್ತಿದ್ದಳು. ಪಾಳಿ ಅವಳ ಬಳಿಯೇ ಇರಲಿ ಎಂದ. ಫೆನ್ಸ್ಕೆ ಕೊನೆಗೂ ಸರಿಮಾಡಿಕೊಟ್ಟನಲ್ಲ, ಅವನಿಗೆ ಧನ್ಯವಾದ ಹೇಳಬೇಕು ಎಂದೂ ಸೇರಿಸಿದ.

ನಾನು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಆ ಫೋನು ಇತ್ತ ಕೊಡು ಎಂದೆ. ಅಮ್ಮ ಹೆಡ್‌ಫೋನಿನ ಮೈಕನ್ನು ಅಂಗೈಯಲ್ಲಿ ಮುಚ್ಚಿ, "ಅಂಗಡಿಗೆ ಹೊರಡು," ಎಂದಳು. ಓಪಾ ಅವಳ ಹಿಂದೆ ಕಾಫಿ ಹಿಡಿದು ನಿಂತಿದ್ದ. ಫೆನ್ಸ್ಕೆ ಅಂದರೆ ಯಾರು ಎಂದು ಕೇಳಿದ. ಹೇಳಿದೆ.

"ಬುಡು ಅತ್ಲಾಗೆ," ಎಂದ. "ಅವನಿಗೂ ಯಾರೂ ಬಾಯ್ಲರ್ ತೋರ್ಸಿಲ್ಲ."

ಈಗಲೂ ಸಂಜೆ ಅಮ್ಮ ಮುಚ್ಚಳ ಹಾಕುವಾಗ ಓಪಾ ತನ್ನ ಕುರ್ಚಿಯಿಂದಲೇ ಕೇಳುತ್ತಾನೆ, "ಬೂದಿ ಮುಚ್ಚಿದ್ಯೇನವ್ವಾ?" ಅಮ್ಮ ಮುಚ್ಚಿದೆ ಎನ್ನುತ್ತಾಳೆ. ಆಮೇಲೆ ಗಸ್ತು.