ಪೊದೆಯೊಳಗಿನ ಕೋಗಿಲೆ

ನಾನು ಸಿಳ್ಳೆ ಹಾಕಿದರೆ ಕೋಗಿಲೆಗೂ ಸ್ವಂತ ಗೂಡು ಕಟ್ಟಿ ಸಂಸಾರ ಹೂಡುವ ಮನಸ್ಸಾಗುತ್ತದೆ. ಇದು ಊರಿಗೆ ಊರೇ ಒಪ್ಪಿದ ಮಾತು. ಒಪ್ಪದವಳು ನನ್ನ ಅಕ್ಕ ಒಬ್ಬಳೇ.

ಅಕ್ಕ ಗಡಿಯಾರ ರಿಪೇರಿ ಮಾಡುವವಳು. ಟಿಕ್ ಟಿಕ್ ಕೇಳಿಯೇ ಒಳಗೆ ಯಾವ ಚಕ್ರದ ಹಲ್ಲು ಸವೆದಿದೆಯೆಂದು ಹೇಳುವ ಕಿವಿ ಅವಳದು. ಆ ಕಿವಿ ಕಾಯಿಲೆ ಬಿದ್ದು ಮುಚ್ಚಿಕೊಂಡಾಗ ಅಂಗಡಿಯ ಬಾಗಿಲೂ ಮುಚ್ಚಿತು. ಈಗ ಆಪರೇಷನ್ ಮುಗಿದು, ಪಟ್ಟಿ ಬಿಚ್ಚುವ ದಿನ.

ಡಾಕ್ಟರಮ್ಮ ಏನು ಕೇಳಿದರೂ ಅಕ್ಕ ತಲೆಯಾಡಿಸಿದಳು. "ಚೆನ್ನಾಗಿ ಕೇಳಿಸ್ತಿದೆ." ಭಾವನ ಮುಖ ಅರಳಿತು. ನಾನು ಮಾತ್ರ ನಂಬಲಿಲ್ಲ. ಕಿವಿ ಹೋದಾಗಿನಿಂದಲೂ ಅವಳು ಎದುರಿನವರ ತುಟಿ ನೋಡಿಯೇ ಹೀಗೆ ತಲೆಯಾಡಿಸುತ್ತಿದ್ದಳು, ಮನೆಯವರು ನೊಂದುಕೊಳ್ಳಬಾರದೆಂದು.

ಭಾವನನ್ನು ಬಾಗಿಲಾಚೆ ಎಳೆದುಕೊಂಡು ಹೋದೆ. "ತುಟಿ ಕಾಣದೇ ಇರೋದು ಏನಾದ್ರೂ ಕೇಳಿಸ್ಬೇಕು ಭಾವ. ಕಿಟಕಿ ಆಚೆ ಹಕ್ಕಿ ಕೂಗುತ್ತೆ, ಯಾವ ಹಕ್ಕಿ ಅಂತ ಕೇಳಿ."

"ನೀನು ಹೇಳಿದ ಹೊತ್ತಿಗೆ ಹಕ್ಕಿ ಎಲ್ಲಿಂದ ಬರುತ್ತಯ್ಯಾ?"

"ನಾನಿದೀನಲ್ಲ."

ಕಿಟಕಿಯ ಕೆಳಗಿನ ಪೊದೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮೂರು ಲೋಕವೂ ಕಿವಿ ನಿಮಿರಿಸುವಂತೆ ಕೋಗಿಲೆಯಾದೆ. ಒಳಗಿನಿಂದ ಮಾತಿಲ್ಲ. ಮತ್ತೆ ಕೂಗಿದೆ. ಉಹೂಂ. ಜನ್ಮದಲ್ಲಿ ಮೊದಲ ಸಲ ನನ್ನ ಬಾಯಿ ಒಣಗಿತು. ಮುಚ್ಚಿದ ಅಂಗಡಿ, ನಿಂತ ಗಡಿಯಾರಗಳು, ನಗುನಗುತ್ತಾ ತಲೆಯಾಡಿಸುವ ಅಕ್ಕ ಕಣ್ಣ ಮುಂದೆ ಬಂದರು.

ಅಷ್ಟರಲ್ಲಿ ಕಾಂಪೌಂಡಿನಾಚೆಯ ಮರದಿಂದ ನಿಜವಾದ ಕೋಗಿಲೆಯೊಂದು, ನನ್ನ ವಿದ್ಯೆಗೆ ಮರುಳಾಗಿಯೇ ಇರಬೇಕು, ಉತ್ತರ ಕೊಟ್ಟಿತು.

"ಹಾಂ, ಇದು ಕೋಗಿಲೆ," ಎಂದಳು ಅಕ್ಕ.

"ಮತ್ತೆ ಆಗಿಂದ ಕೂಗಿದ್ದು?" ಎಂದರು ಭಾವ.

"ಅದು ನನ್ನ ತಮ್ಮ. ಮುಂದಿನ ಹಲ್ಲು ಬಿದ್ದ ಮೇಲೆ ಸಿಳ್ಳೇಲಿ ಗಾಳಿ ಸೋರುತ್ತೆ. ಕೂತಿರೋದೂ ಒಣಗಿದ ಎಲೆ ಮೇಲೆ, ಚರಚರ ಅಂತಿದೆ. ಎಷ್ಟೊತ್ತು ಕೂಗ್ತಾನೋ ನೋಡೋಣ ಅಂತ ಸುಮ್ಮನಿದ್ದೆ. ಇರುವೆ ಕಚ್ಚೋಕೆ ಮುಂಚೆ ಎದ್ದು ಬರೋಕೆ ಹೇಳಿ."

ಇರುವೆಗಳು ಆಗಲೇ ಕೆಲಸ ಶುರುಮಾಡಿದ್ದವು. ಕೊಡವಿಕೊಳ್ಳುವಷ್ಟೂ ತ್ರಾಣವಿಲ್ಲದೆ ಅಲ್ಲೇ ಕಾಲುಚಾಚಿ ಕೂತು ನಕ್ಕೆ. ಕಣ್ಣಲ್ಲಿ ನೀರು ಬಂತು. ಆನೆ ಗಾತ್ರದ ಇರುವೆ ಕಚ್ಚಿದರೆ ಬರದೆ ಇರುತ್ತದೆಯೇ?

ಮರದ ಮೇಲಿನದು ಇನ್ನೊಮ್ಮೆ ಕೂಗಿತು. ಕರೆದದ್ದು ನನ್ನನ್ನೇ, ಅನುಮಾನವಿಲ್ಲ. ಆದರೆ ಆವತ್ತು ನಾನು ಉತ್ತರ ಕೊಡಲಿಲ್ಲ. ಅಕ್ಕ ಒಳಗಿನಿಂದ ಬಯ್ಯುತ್ತಿದ್ದಳು, ಅದನ್ನೇ ಕೇಳುತ್ತಾ ಕೂತಿದ್ದೆ.